ಮನೆ ಖಾಲಿ ಮಾಡಿ ಅಂದಾಗ ಹುಡುಕಿದ ಕಾಗದಗಳು

2025ರ ನವೆಂಬರಿನಲ್ಲಿ ನಮ್ಮ ಮನೆ ಓನರ್ ಪರವಾಗಿ ಏಜೆನ್ಸಿಯವರು ಫಾರ್ಮ್ 6ಎ ಅನ್ನುವ ನೋಟಿಸ್ ಕಳಿಸಿದರು. ಎರಡು ತಿಂಗಳಲ್ಲಿ ಮನೆ ಬಿಡಿ ಅಂತ. ಕಾರಣ ಬರೆದಿರಲಿಲ್ಲ. ಬರೆಯಬೇಕು ಅಂತಲೂ ಇರಲಿಲ್ಲ. ಇಂಗ್ಲೆಂಡಿನ 1988ರ ಹೌಸಿಂಗ್ ಆಕ್ಟ್‌ನಲ್ಲಿ ಸೆಕ್ಷನ್ 21 ಇದ್ದದ್ದೇ ಅದಕ್ಕೆ. ಬಾಡಿಗೆ ತಿಂಗಳು ತಿಂಗಳು ಸರಿಯಾಗಿ ಕಟ್ಟಿದ್ದರೂ, ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ, ಓನರ್‌ಗೆ ಮನೆ ವಾಪಸ್ ಬೇಕು ಅಂದರೆ ಬೇಕು, ಅಷ್ಟೆ. ಫೋನ್ ಮಾಡಿ ಕೇಳಿದ್ದಕ್ಕೆ "ಅವರು ಫ್ಲ್ಯಾಟ್ ಮಾರುತ್ತಿದ್ದಾರೆ" ಅಂದರು.

ನಾವಿದ್ದದ್ದು ರೆಡಿಂಗ್‌ನಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಫ್ಲ್ಯಾಟಿನಲ್ಲಿ. ಹೆಂಡತಿಗೆ ಆಗ ಏಳನೇ ತಿಂಗಳು. ನೋಟಿಸಿನ ಗಡುವು ಜನವರಿ ಮಧ್ಯಕ್ಕೆ ಮುಗಿಯುತ್ತಿತ್ತು, ಹೆರಿಗೆಗೆ ಡಾಕ್ಟರು ಕೊಟ್ಟ ತಾರೀಖು ಜನವರಿ ಕೊನೆಗೆ. ಬಾಣಂತನಕ್ಕೆ ಅಂತ ಅತ್ತೆ ದಾವಣಗೆರೆಯಿಂದ ಬರೋಕೆ ಟಿಕೆಟ್ ಮಾಡಿಸಿ ಆಗಿತ್ತು. ಅಂಥ ಚಳಿಯಲ್ಲಿ, ಅಂಥ ಸ್ಥಿತಿಯಲ್ಲಿ ಮನೆ ಹುಡುಕಿಕೊಂಡು ಸಾಮಾನು ಕಟ್ಟುವುದು ಹೇಗೆ ಅಂತ ನನಗೆ ನಿದ್ದೆ ಬರಲಿಲ್ಲ. ನಮಗೆ ಆ ಮನೆಯಲ್ಲೇ ಶಾಶ್ವತವಾಗಿ ಇರಬೇಕು ಅಂತ ಏನೂ ಇರಲಿಲ್ಲ. ಮಾರ್ಚ್ ತನಕ ಬಿಟ್ಟರೆ ಸಾಕಿತ್ತು. ಏಜೆನ್ಸಿಯವರನ್ನು ಕೇಳಿದೆವು. ಆಗಲ್ಲ ಅಂದರು.

ಆಫೀಸಿನ ಗೆಳೆಯರೊಬ್ಬರು ಹೇಳಿದ್ದಕ್ಕೆ ಸಿಟಿಜನ್ಸ್ ಅಡ್ವೈಸ್‌ಗೆ ಹೋದೆವು. ಇಲ್ಲಿ ಇಂಥ ವಿಷಯಕ್ಕೆ ಪುಕ್ಕಟೆ ಸಲಹೆ ಕೊಡುವ ಸಂಸ್ಥೆ ಅದು. ನಾನು ನೋಟಿಸನ್ನು ಪ್ರಿಂಟ್ ಮಾಡಿಕೊಂಡು, ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಎದುರಿಗೆ ಕೂತ ಮಹಿಳೆ ಸ್ಟೇಟ್‌ಮೆಂಟ್ ಕಡೆ ತಿರುಗಿಯೂ ನೋಡಲಿಲ್ಲ. ಡೆಪಾಸಿಟ್ ಯಾವ ಸ್ಕೀಮಿನಲ್ಲಿದೆ? ಗ್ಯಾಸ್ ಸೇಫ್ಟಿ ದಾಖಲೆ ಯಾವತ್ತು ಕೊಟ್ಟರು? ಮನೆಯ ಶಕ್ತಿ ಬಳಕೆಯ ಸರ್ಟಿಫಿಕೇಟ್, ಇಪಿಸಿ, ಕೊಟ್ಟಿದ್ದಾರಾ? ಬಾಡಿಗೆದಾರರಿಗೆ ಅಂತ ಸರ್ಕಾರ ತಯಾರಿಸಿದ 'ಹೌ ಟು ರೆಂಟ್' ಕೈಪಿಡಿ ಯಾವ ರೂಪದಲ್ಲಿ ಬಂತು? ಒಂದಾದ ಮೇಲೊಂದು ಕೇಳುತ್ತಾ ಹೋದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಅವರೇ ಬಿಡಿಸಿ ಹೇಳಿದರು. 2015ರ ಅಕ್ಟೋಬರ್ 1ರ ನಂತರ ಇಂಗ್ಲೆಂಡಿನಲ್ಲಿ ಶುರುವಾದ ಬಾಡಿಗೆಗಳಿಗೆ ಒಂದು ನಿಯಮ ಇತ್ತು. ಗ್ಯಾಸ್ ದಾಖಲೆ, ಇಪಿಸಿ, 'ಹೌ ಟು ರೆಂಟ್' ಈ ಮೂರನ್ನೂ ಕೊಡದೆ ಓನರ್ ಸೆಕ್ಷನ್ 21 ನೋಟಿಸ್ ಕೊಟ್ಟರೆ ಆ ನೋಟಿಸು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಡೆಪಾಸಿಟ್ಟಿನ ನಿಯಮ ಇನ್ನೂ ಹಳೆಯದು, 2007ರ ಏಪ್ರಿಲ್‌ನಿಂದ ಇದೆ. ಹಣ ಕೈಗೆ ಬಂದ 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಸ್ಕೀಮುಗಳಲ್ಲಿ ಒಂದರಲ್ಲಿ ಅದನ್ನು ಭದ್ರ ಮಾಡಬೇಕು. ಅದೇ 30 ದಿನದೊಳಗೆ ಅದರ ಪೂರ್ತಿ ವಿವರವನ್ನು ಬಾಡಿಗೆದಾರರಿಗೆ ಬರಹದಲ್ಲಿ ಕೊಡಬೇಕು. ಯಾವ ಸ್ಕೀಮು, ಎಷ್ಟು ಹಣ, ಯಾವ ಯಾವ ಸಂದರ್ಭದಲ್ಲಿ ಹಿಡಿದುಕೊಳ್ಳಬಹುದು, ಜಗಳ ಆದರೆ ಎಲ್ಲಿಗೆ ಹೋಗಬೇಕು, ಎಲ್ಲ ಅದರಲ್ಲಿರಬೇಕು. ಹಣ ಭದ್ರ ಮಾಡಿ ಕಾಗದ ಕೊಡದಿದ್ದರೂ ನಿಯಮ ಮುರಿದ ಹಾಗೆಯೇ.

ಅಲ್ಲಿಯವರೆಗೆ ಈ ಕಾಗದಗಳೆಲ್ಲ ಸುಮ್ನೆ ಶಾಸ್ತ್ರಕ್ಕೆ ಅಂತಲೇ ನನ್ನ ಲೆಕ್ಕ. ಆದರೆ ಖಾಲಿ ಮಾಡಿ ಅಂತ ಹೇಳುವ ಓನರ್‌ನ ಅಧಿಕಾರವನ್ನೇ ಇಲ್ಲಿಯ ಕಾನೂನು ಆ ಕಾಗದಗಳಿಗೆ ಕಟ್ಟಿಹಾಕಿತ್ತು. ಓನರ್ ವಿಚಾರಣೆಯಿಲ್ಲದ ಬೇಗದ ದಾರಿಯಲ್ಲಿ ಕೋರ್ಟಿಗೆ ಹೋದರೆ ತುಂಬಬೇಕಿದ್ದ ಎನ್5ಬಿ ಅನ್ನುವ ಅರ್ಜಿಯಲ್ಲೇ ಈ ಪ್ರಶ್ನೆಗಳಿರುತ್ತಿದ್ದವು. ಇಪಿಸಿ ಯಾವತ್ತು ಕೊಟ್ಟಿರಿ, ಗ್ಯಾಸ್ ದಾಖಲೆ ಯಾವತ್ತು ಕೊಟ್ಟಿರಿ, ಡೆಪಾಸಿಟ್ ಎಲ್ಲಿದೆ ಅಂತ.

ಮನೆಗೆ ಬಂದವರೇ ಇಮೇಲ್ ತೆಗೆದು ಕೂತೆವು. 2023ರ ಆಗಸ್ಟಿನಲ್ಲಿ ಮನೆ ಹಿಡಿದಾಗಿನಿಂದ ಏಜೆನ್ಸಿಯಿಂದ ಬಂದದ್ದನ್ನೆಲ್ಲ ನನ್ನ ಇನ್‌ಬಾಕ್ಸ್‌ನಲ್ಲಿ, ಹೆಂಡತಿಯ ಇನ್‌ಬಾಕ್ಸ್‌ನಲ್ಲಿ, ಸ್ಪ್ಯಾಮ್‌ನಲ್ಲಿ ಸಹ ಜಾಲಾಡಿದೆವು. ಮಜಾ ಅಂದರೆ ನಾವು ಅವರಿಗೆ ಕೊಟ್ಟದ್ದು ರಾಶಿ ಇತ್ತು. ಪಾಸ್‌ಪೋರ್ಟು, ವೀಸಾ ಆನ್‌ಲೈನಿನಲ್ಲಿ ನೋಡೋಕೆ ಬೇಕಾದ ಶೇರ್ ಕೋಡು, ಸಂಬಳದ ಚೀಟಿ, ಆಫೀಸಿನ ಪತ್ರ. ವಲಸೆ ಕಾನೂನಿನ ಪ್ರಕಾರ ಬಾಡಿಗೆಗೆ ಬರುವವರ ವೀಸಾ ನೋಡಲೇಬೇಕಲ್ಲ, ಅದರಲ್ಲಿ ಒಂದು ಅಕ್ಷರ ಬಿಟ್ಟಿರಲಿಲ್ಲ. ಅವರಿಂದ ನಮಗೆ ಬಂದದ್ದು ಮೂವತ್ತು ಚಿಲ್ಲರೆ ಪುಟದ ಅಗ್ರಿಮೆಂಟು, ಒಂದು ಇಪಿಸಿ, ಮತ್ತೆ ಒಂದು ಸಾಲು: "'ಹೌ ಟು ರೆಂಟ್' ಓದಲು ಇಲ್ಲಿ ಕ್ಲಿಕ್ ಮಾಡಿ."

ಇಪಿಸಿಯಲ್ಲಿ ತಕರಾರಿರಲಿಲ್ಲ. ಮನೆ ಬೆಚ್ಚಗಿಡೋಕೆ, ದೀಪ ಉರಿಸೋಕೆ ಎಷ್ಟು ಶಕ್ತಿ ಬೇಕು ಅಂತ ಎ ಯಿಂದ ಜಿ ವರೆಗೆ ದರ್ಜೆ ಕೊಡುವ ಸರ್ಟಿಫಿಕೇಟ್ ಅದು. 10 ವರ್ಷ ನಡೆಯುತ್ತದೆ. ಮಾಮೂಲಿಯಾಗಿ ಇ ಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ. ನಮ್ಮದು ಡಿ. ವಿಳಾಸ ಹಾಕಿದರೆ ಸರ್ಕಾರಿ ರಿಜಿಸ್ಟರಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

'ಹೌ ಟು ರೆಂಟ್' ಬಗ್ಗೆ ಆ ಮಹಿಳೆ ಹೇಳಿದ್ದು ಹೀಗೆ: ಅಚ್ಚಾದ ಪ್ರತಿ ಕೊಡಬೇಕು, ಇಲ್ಲವೇ ನೀವು ಒಪ್ಪಿದ್ದರೆ ಇಮೇಲಿಗೆ ಪಿಡಿಎಫ್ ಲಗತ್ತಿಸಬೇಕು. ಲಿಂಕ್ ಕಳಿಸಿದರೆ ಕೊಟ್ಟ ಹಾಗಾಗೋದಿಲ್ಲ. ನಮಗೆ ಇದು ಸಣ್ಣದಕ್ಕೆ ಹಿಡಿದು ಜಗ್ಗಾಡಿದ ಹಾಗೆ ಅನ್ನಿಸಿತು. ಆದರೆ ಆ ಲಿಂಕ್ ಒತ್ತಿ ನೋಡಿದರೆ, ಪುಟ ಸಿಗುತ್ತಿಲ್ಲ ಅಂತ ಬಂತು. ಆಮೇಲೆ ಆ ನಿಯಮದ ಮೇಲೆ ನನಗೆ ಗೌರವ ಹುಟ್ಟಿತು.

ಗ್ಯಾಸ್ ದಾಖಲೆ ಎಲ್ಲೂ ಇರಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಿಷಯ. ಯಾಕೆಂದರೆ ತಪಾಸಣೆ ಮಾಡುವ ಎಂಜಿನಿಯರ್ 2024ರಲ್ಲಿ ನಮ್ಮ ಕಣ್ಣೆದುರೇ ಬಂದು ಹೋಗಿದ್ದರು. ಬಾಯ್ಲರ್ ಮುಚ್ಚಳ ತೆಗೆದು ನೋಡಿದರು, ಒಲೆ ಹಚ್ಚಿ ಆರಿಸಿ ನೋಡಿದರು, ಟ್ಯಾಬ್ಲೆಟ್‌ನಲ್ಲಿ ಏನೇನೋ ಒತ್ತಿದರು, ಹೋದರು. ಅವರು ಬರೆದದ್ದು ಏಜೆನ್ಸಿಗೆ ಹೋಯಿತು, ನಮಗೆ ಬರಲಿಲ್ಲ. ಕಾನೂನು ಇಲ್ಲಿ ನೇರವಾಗಿದೆ. 1998ರ ಗ್ಯಾಸ್ ಸುರಕ್ಷತಾ ನಿಯಮದ ಪ್ರಕಾರ ಪ್ರತಿ 12 ತಿಂಗಳಿಗೆ ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಹೆಸರಿರುವವರಿಂದ ತಪಾಸಣೆ ಆಗಬೇಕು. ಹೊಸದಾಗಿ ಬರುವವರಿಗೆ ಮನೆ ಹೊಕ್ಕುವ ಮೊದಲೇ ದಾಖಲೆಯ ಪ್ರತಿ ಕೊಡಬೇಕು. ಮನೆಯಲ್ಲಿ ಆಗಲೇ ಇರುವವರಿಗೆ ತಪಾಸಣೆ ಆದ 28 ದಿನದೊಳಗೆ. ಅದೂ ಹೋಗಲಿ, 2025ರ ಆಗಸ್ಟಿನಲ್ಲಿ ಯಾರೂ ಬಂದೇ ಇರಲಿಲ್ಲ. ಬಾಯ್ಲರ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಸುರಿ ಹೆಂಗಸು ದಿನವಿಡೀ ಇರುವ ಮನೆ ಅದು.

ಇನ್ನು ಡೆಪಾಸಿಟ್. ನಮ್ಮ ಬಾಡಿಗೆ ತಿಂಗಳಿಗೆ 1,350 ಪೌಂಡ್. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇರುವ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವ ಹಾಗಿಲ್ಲ, 2019ರ ಟೆನೆಂಟ್ ಫೀಸ್ ಆಕ್ಟ್ ಹಾಗೆ ಹೇಳುತ್ತದೆ. 1,350ನ್ನು 12ರಿಂದ ಗುಣಿಸಿ, 52ರಿಂದ ಭಾಗಿಸಿ, 5ರಿಂದ ಗುಣಿಸಿದರೆ 1,557 ಪೌಂಡ್ 69 ಪೆನ್ಸ್. ಅವರು ತಗೊಂಡದ್ದು 1,557. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡು ಬಂದವರಿಗೆ ಇದು ದೊಡ್ಡದಲ್ಲ ಅನ್ನಿಸಬಹುದು. ಆದರೂ ನಮ್ಮ ದುಡ್ಡು ನಮ್ಮ ದುಡ್ಡೇ, ಅಲ್ವಾ?

ಸ್ಕೀಮುಗಳು ಮೂರೇ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಮೂರಕ್ಕೂ ವೆಬ್‌ಸೈಟಿದೆ, ಮೂರರಲ್ಲೂ ನಮ್ಮ ಡೆಪಾಸಿಟ್ ಇದೆಯಾ ಅಂತ ನಾವೇ ಹುಡುಕಬಹುದು. ಮನೆಯ ಪೋಸ್ಟ್‌ಕೋಡು, ಅಡ್ಡಹೆಸರು, ಬಾಡಿಗೆ ಶುರುವಾದ ದಿನ, ಹಣ, ಹೀಗೆ ಒಂದೊಂದು ಸೈಟು ಒಂದೊಂದು ಕೇಳುತ್ತದೆ. ನಮ್ಮಂಥವರಿಗೆ ಅಡ್ಡಹೆಸರೇ ತಲೆನೋವು. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿದೆ, ಹೆಂಡತಿಯದರಲ್ಲಿ ಊರಿನ ಹೆಸರು. ಎರಡನ್ನೂ ಹಾಕಿದೆವು, ಹೆಸರನ್ನೂ ಅಡ್ಡಹೆಸರನ್ನೂ ಅದಲು ಬದಲು ಮಾಡಿ ಹಾಕಿದೆವು. 69 ಪೆನ್ಸ್ ಸೇರಿಸಿ ಹಾಕಿದೆವು, ಬಿಟ್ಟು ಹಾಕಿದೆವು. ಮೂರರಲ್ಲೂ ಇಲ್ಲ. ಮಾರನೇ ದಿನ ಮೂರಕ್ಕೂ ಬರೆದು ಕೇಳಿದೆವು. ಆ ವಿಳಾಸಕ್ಕೆ ನಮ್ಮ ಹೆಸರಿನಲ್ಲಿ ಯಾವ ಡೆಪಾಸಿಟ್ಟೂ ಇಲ್ಲ ಅಂತ ಮೂವರೂ ಉತ್ತರ ಕೊಟ್ಟರು. ಆ ಉತ್ತರಗಳನ್ನು ಜೋಪಾನ ಮಾಡಿಟ್ಟೆವು.

ಈಗ ಏನು ಮಾಡೋದು ಅನ್ನುವುದರಲ್ಲಿ ಮನೆಯಲ್ಲಿ ಚರ್ಚೆ ಜೋರಾಯಿತು. ಸಲಹೆ ಕೊಟ್ಟ ಮಹಿಳೆ ಒಂದು ಸೂಕ್ಷ್ಮ ಹೇಳಿದ್ದರು. ನೋಟಿಸು ನಿಲ್ಲೋದಿಲ್ಲ ಅಂತ ನೀವು ಈಗಲೇ ಹೇಳಿದರೆ ಅವರು ಎಲ್ಲವನ್ನೂ ಸರಿ ಮಾಡಿಕೊಂಡು ಹೊಸ ನೋಟಿಸ್ ಕೊಡಬಹುದು. ಕೊಟ್ಟಿರುವ ನೋಟಿಸಿಗೆ ಆಮೇಲೆ ಕೊಟ್ಟ ಕಾಗದ ಜೀವ ತುಂಬೋದಿಲ್ಲ, ಆದರೆ ಹೊಸದು ನಿಲ್ಲುತ್ತದೆ. 2020ರಲ್ಲಿ ಟ್ರೆಕ್ಯಾರೆಲ್ ಹೌಸ್ ಅನ್ನುವ ಮೊಕದ್ದಮೆಯಲ್ಲಿ ಇಲ್ಲಿಯ ಮೇಲ್ಮನವಿ ಕೋರ್ಟು, ಗ್ಯಾಸ್ ದಾಖಲೆಯನ್ನು ತಡವಾಗಿ ಕೊಟ್ಟರೂ ನೋಟಿಸಿಗಿಂತ ಮೊದಲು ಕೊಟ್ಟಿದ್ದರೆ ಸಾಕು ಅಂತ ಹೇಳಿದೆ. ಡೆಪಾಸಿಟ್ಟನ್ನು ತಡವಾಗಿ ಭದ್ರ ಮಾಡಿದ್ದರೆ ಮಾತ್ರ ಅಷ್ಟು ಸುಲಭ ಇರಲಿಲ್ಲ. ಹಣವನ್ನು ಬಾಡಿಗೆದಾರರಿಗೆ ವಾಪಸ್ ಕೊಟ್ಟು ಆಮೇಲೆ ನೋಟಿಸ್ ಕೊಡಬೇಕಿತ್ತು. ಅದಲ್ಲದೆ, ನಿಯಮ ಮುರಿದದ್ದಕ್ಕೆ ಡೆಪಾಸಿಟ್ಟಿನ ಒಂದರಿಂದ ಮೂರು ಪಟ್ಟು ದಂಡವನ್ನು ಬಾಡಿಗೆದಾರರಿಗೇ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಆಮೇಲೆ ಭದ್ರ ಮಾಡಿದೆ ಅಂದರೂ ಆ ಹೊಣೆ ತಪ್ಪೋದಿಲ್ಲ.

ಹೆಂಡತಿಯ ವಾದ: ಬಾಯಿ ಬಿಡೋದು ಬೇಡ, ಜನವರಿ ಕಳೆಯಲಿ, ಅವರು ಕೋರ್ಟಿಗೆ ಹೋಗಲಿ, ಅಲ್ಲಿ ಹೇಳೋಣ. ಲೆಕ್ಕದಲ್ಲಿ ಅವಳ ಮಾತು ಸರಿ. ಕೋರ್ಟಿನ ಕಾಗದ ಬಂದರೆ ಉತ್ತರ ಕೊಡೋಕೆ 14 ದಿನ ಇರುತ್ತದೆ. ಆ 14 ದಿನ ಹೆರಿಗೆಯ ಜೊತೆಗೇ ಬಂದು ಬಿದ್ದರೆ ಅಂತ ನನ್ನ ಭಯ. ಕೊನೆಗೆ ಗ್ಯಾಸ್ ವಿಷಯವೇ ತೀರ್ಮಾನ ಮಾಡಿತು. ಬಾಯ್ಲರ್ ನೋಡಿಸದೆ ಇನ್ನೊಂದು ಚಳಿಗಾಲ ಕಳೆಯೋಕೆ ಇಬ್ಬರಿಗೂ ಮನಸ್ಸಿರಲಿಲ್ಲ. ಬಾಯ್ಲರ್ ಬಗ್ಗೆ ಬಾಯಿ ಬಿಟ್ಟ ಮೇಲೆ ಉಳಿದದ್ದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಪತ್ರ ಬರೆದೆವು. ಗಲಾಟೆ ಇಲ್ಲ, ಬೆದರಿಕೆ ಇಲ್ಲ, ಒಂದೇ ಪುಟ. ಬಾಡಿಗೆ ಶುರುವಾದ ದಿನ, ಡೆಪಾಸಿಟ್ ಕಟ್ಟಿದ ದಿನ, ಮೂರು ಸ್ಕೀಮುಗಳ ಉತ್ತರ, ಗ್ಯಾಸ್ ದಾಖಲೆ ಕೊಡಿ, ವೈರಿಂಗ್ ವರದಿ ಕೊಡಿ, ಓನರ್ ಹೆಸರು ವಿಳಾಸ ಕೊಡಿ. ಕೊನೆಯದು ಯಾಕೆಂದರೆ ಅಗ್ರಿಮೆಂಟಿನಲ್ಲಿ ಓನರ್ ವಿಳಾಸದ ಜಾಗದಲ್ಲಿ ಏಜೆನ್ಸಿಯ ವಿಳಾಸ ಇತ್ತು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ ಮೊದಲ ಸೆಕ್ಷನ್ನೇ ಈ ಬಗ್ಗೆ. ಬಾಡಿಗೆದಾರ ಬರಹದಲ್ಲಿ ಕೇಳಿದರೆ, ಬಾಡಿಗೆ ವಸೂಲಿ ಮಾಡುವವರು 21 ದಿನದೊಳಗೆ ಓನರ್‌ನ ಹೆಸರು ವಿಳಾಸ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಅದು ಅಪರಾಧ. ಅವರನ್ನು ಕಾಯದೆ ನಾವು ಭೂ ದಾಖಲೆ ಇಲಾಖೆಯ ವೆಬ್‌ಸೈಟಿನಲ್ಲಿ 7 ಪೌಂಡ್ ಕಟ್ಟಿ ಫ್ಲ್ಯಾಟಿನ ಟೈಟಲ್ ರಿಜಿಸ್ಟರ್ ತೆಗೆಸಿಕೊಂಡೆವು. ಪಹಣಿ ತೆಗೆಸಿದಷ್ಟೇ ಸಲೀಸು. ಹೆಸರು, ವಿಳಾಸ, ಎಷ್ಟು ಹಣಕ್ಕೆ ಕೊಂಡರು ಅನ್ನುವುದೂ ಇತ್ತು. ಪತ್ರದ ಒಂದು ಪ್ರತಿಯನ್ನು ಆ ವಿಳಾಸಕ್ಕೂ ಹಾಕಿದೆವು. ಈಗ ನೋಡಿದರೆ ಇಡೀ ವ್ಯವಹಾರದಲ್ಲಿ ನಾವು ಮಾಡಿದ ಅತಿ ಉಪಯೋಗದ ಕೆಲಸ ಅದೇ.

ಏಜೆನ್ಸಿಯಿಂದ ಮೊದಲು ಬಂದದ್ದು "ನಮ್ಮ ಅಕೌಂಟ್ಸ್ ವಿಭಾಗ ಪರಿಶೀಲಿಸುತ್ತಿದೆ" ಅನ್ನುವ ಸಾಲು. ಅದಾದ ಸ್ವಲ್ಪ ದಿನಕ್ಕೆ ದಬದಬ ಅಂತ ಇಮೇಲ್‌ಗಳು. ಒಂದರಲ್ಲಿ ಡೆಪಾಸಿಟ್ ಸರ್ಟಿಫಿಕೇಟ್. ಮೊದಲ ನೋಟಕ್ಕೆ ಎಲ್ಲ ಸರಿಯಾಗಿಯೇ ಇತ್ತು. ನಮ್ಮ ಹೆಸರು, ವಿಳಾಸ, 1,557 ಪೌಂಡ್, ಸ್ಕೀಮಿನ ಮುದ್ರೆ. ಕೆಳಗೆ ಎರಡು ತಾರೀಖು ಅಕ್ಕಪಕ್ಕ ಇದ್ದವು. ಹಣ ಪಡೆದ ದಿನ: ಆಗಸ್ಟ್ 2023. ಭದ್ರ ಮಾಡಿದ ದಿನ: ನವೆಂಬರ್ 2025. ಅವರ ವಿರುದ್ಧದ ಸಾಕ್ಷಿಯನ್ನು ಅವರೇ ಚಂದವಾಗಿ ಟೈಪ್ ಮಾಡಿ ಕಳಿಸಿದ್ದರು. ಹೆಂಡತಿ ಅದನ್ನು ಪ್ರಿಂಟ್ ಹಾಕಿ ಫೈಲಿಗೆ ಸೇರಿಸಿದಳು.

ವೈರಿಂಗ್ ವರದಿ ಇತ್ತು, ನಮಗೆ ಕೊಟ್ಟಿರಲಿಲ್ಲ ಅಷ್ಟೆ. ಇಂಗ್ಲೆಂಡಿನಲ್ಲಿ 2020ರ ನಿಯಮದಂತೆ ಕನಿಷ್ಠ 5 ವರ್ಷಕ್ಕೊಮ್ಮೆ ವೈರಿಂಗ್ ತಪಾಸಣೆ ಆಗಬೇಕು, ವರದಿ ಬಾಡಿಗೆದಾರರಿಗೂ ಸಿಗಬೇಕು. ಇದು ಸಿಗದಿದ್ದರೆ ಸೆಕ್ಷನ್ 21ಕ್ಕೆ ಅಡ್ಡಿ ಇರಲಿಲ್ಲ, ಸ್ಥಳೀಯ ಆಡಳಿತವಾದ ಕೌನ್ಸಿಲ್ ದಂಡ ಹಾಕಬಹುದು ಅಷ್ಟೇ. ಓದುವಾಗ ಕೋಡ್ ನೋಡಿದರೆ ಸಾಕು. ಸಿ1 ಅಂದರೆ ಈಗಲೇ ಅಪಾಯ, ಸಿ2 ಅಂದರೆ ಅಪಾಯ ಆಗಬಹುದು, ಸಿ3 ಅಂದರೆ ಸುಧಾರಿಸಿದರೆ ಒಳ್ಳೆಯದು. ನಮ್ಮದರಲ್ಲಿ ಬರೀ ಸಿ3.

ಗ್ಯಾಸ್ ಎಂಜಿನಿಯರ್ ಆ ವಾರವೇ ಬಂದರು. ಈ ಸಲ ನಾನು ಅಡುಗೆಮನೆ ಬಿಟ್ಟು ಅಲ್ಲಾಡಲಿಲ್ಲ. ಅವರ ಗುರುತಿನ ಚೀಟಿ ತೋರಿಸಿ ಅಂದೆ, ತಕ್ಷಣ ತೋರಿಸಿದರು. ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹರು ಅಂತ ಬರೆದಿರುತ್ತದೆ, ಅದನ್ನೂ ತಿರುಗಿಸಿ ತೋರಿಸಿದರು. ಎಷ್ಟೋ ಮನೆಯಲ್ಲಿ ಯಾರೂ ಕೇಳೋದೇ ಇಲ್ಲ ಅಂತ ನಕ್ಕರು. ದಾಖಲೆಯಲ್ಲಿ ಒಂದೊಂದು ಉಪಕರಣಕ್ಕೂ ಒಂದೊಂದು ಸಾಲು. ಬಾಯ್ಲರ್, ಅಡುಗೆಮನೆಯ ಬೀರುವಿನೊಳಗೆ. ಒಲೆ, ಅಡುಗೆಮನೆ. ಎಲ್ಲಿದೆ, ಯಾವ ಕಂಪನಿ, ಒತ್ತಡ ಎಷ್ಟು, ಹೊಗೆ ಹೋಗುವ ಕೊಳವೆ ಸರಿಯಿದೆಯಾ, ಬಳಸೋಕೆ ಸುರಕ್ಷಿತವಾ. ಎರಡಕ್ಕೂ ಹೌದು ಅಂತ ಬಂತು. ಮೇಜಿನ ಮೇಲೆ ಒಂದು ಪ್ರತಿ ಬಿಟ್ಟು ಹೊರಟವರು ಬಾಗಿಲ ಹತ್ತಿರ ನಿಂತು "ನಿಮ್ಮ ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿ?" ಅಂದರು. ಬೀರುವಿನ ಮೇಲಿತ್ತು. ತೆಗೆದು ಹಿಂದೆ ತಿರುಗಿಸಿದರು. ಬದಲಿಸಬೇಕಾದ ವರ್ಷ ಅಂತ ಅಚ್ಚಾಗಿತ್ತು, 2022. ಅದರ ಮೇಲೆ ಹಸಿರು ದೀಪ ಮಿಣುಕುತ್ತಲೇ ಇತ್ತು, ನಾವು ಅದನ್ನೇ ನಂಬಿಕೊಂಡಿದ್ದೆವು. ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಅಲಾರಂ ಇರಲೇಬೇಕು ಅಂತ 2022ರ ಅಕ್ಟೋಬರಿನಿಂದ ಕಾನೂನಿದೆ. ದಾಖಲೆಯಲ್ಲಿ ಅದನ್ನೂ ಬರೆದರು. ಎರಡು ದಿನದಲ್ಲಿ ಹೊಸ ಅಲಾರಂ ಬಂತು.

ಓನರ್ ಫೋನ್ ಮಾಡಿದ್ದು ಡಿಸೆಂಬರಿನ ಮೊದಲ ವಾರ. ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಆದರೆ ಅತ್ತ ಕಡೆಯಿಂದ ಕೇಳಿಸಿದ್ದು ವಯಸ್ಸಾದ, ಗಾಬರಿಯಾದ ಒಂದು ದನಿ. ಅವರಿಗೆ ನಮ್ಮ ಪತ್ರದ ಪ್ರತಿ ಮನೆಗೆ ಬಂದಾಗಲೇ ವಿಷಯ ಗೊತ್ತಾದದ್ದು. ಪೂರ್ತಿ ಉಸ್ತುವಾರಿ ಅಂತ ಏಜೆನ್ಸಿಗೆ ತಿಂಗಳು ತಿಂಗಳು ಬಾಡಿಗೆಯಲ್ಲಿ ಪಾಲು ಕೊಡುತ್ತಿದ್ದರು. ಡೆಪಾಸಿಟ್ಟು ಭದ್ರವಾಗಿದೆ, ಕಾಗದ ಎಲ್ಲ ಕೊಟ್ಟಾಗಿದೆ ಅಂತಲೇ ನಂಬಿಕೊಂಡಿದ್ದರು. ಏಜೆನ್ಸಿ ಮಾಡಿದ ಎಡವಟ್ಟು ಅಂತ ಹೇಳಿ ಓನರ್ ಕೈ ತೊಳೆದುಕೊಳ್ಳೋಕೆ ಇಲ್ಲಿ ಆಗೋದಿಲ್ಲ, ಕಾನೂನಿನ ಮುಂದೆ ಹೊಣೆ ಅವರದೇ. ಇದು ನ್ಯಾಯವಾ ಅಂತ ಕೇಳಿದರೆ, ಒಟ್ಟಾರೆ ನ್ಯಾಯವೇ ಅನ್ನುತ್ತೇನೆ. ಏಜೆನ್ಸಿಯನ್ನು ಆರಿಸಿದ್ದು ಅವರು, ನಾವಲ್ಲ. ಆದರೆ ಫೋನಿನಲ್ಲಿ ಆ ದನಿ ಕೇಳುವಾಗ ಮೂರು ಪಟ್ಟು ಕೊಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಇಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ "ಬಿಡಬೇಡ, ಮೂರು ಪಟ್ಟು ಕೀಳು" ಅಂತಿದ್ದರು. ಬೇರೆಯವರ ಕೇಸಿನಲ್ಲಿ ಎಲ್ಲರೂ ವಕೀಲರೇ.

ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ನೋಟಿಸ್ ವಾಪಸ್ ತಗೊಳ್ಳುವುದು. ನಾವು ಮಾರ್ಚ್ ಕೊನೆಗೆ ಮನೆ ಬಿಡುವುದು. ಡೆಪಾಸಿಟ್ಟನ್ನು ಸ್ಕೀಮಿನಿಂದ ಬಿಡಿಸಿ ಪೂರ್ತಿ ಈಗಲೇ ಕೊಡುವುದು, ಅದರ ಮೇಲೆ ಅಷ್ಟೇ ಹಣ, ಅಂದರೆ ಇನ್ನೊಂದು 1,557 ಪೌಂಡ್, ಪರಿಹಾರವಾಗಿ ಕೊಡುವುದು. ಡೆಪಾಸಿಟ್ ವಿಷಯದಲ್ಲಿ ನಾವು ಕೋರ್ಟಿಗೆ ಹೋಗುವುದಿಲ್ಲ ಅಂತ ಬರೆದುಕೊಡುವುದು. ಸಹಿ ಹಾಕುವ ಮೊದಲು ಸಿಟಿಜನ್ಸ್ ಅಡ್ವೈಸ್‌ನ ಆ ಮಹಿಳೆಗೆ ತೋರಿಸಿದೆವು. "ಮಾರ್ಚ್ ಕೊನೆಗೆ" ಅಂತಿದ್ದನ್ನು ಹೊಡೆದು ಮಾರ್ಚ್ 31 ಅಂತ ಬರೆಸಿದರು, ಉಳಿದದ್ದು ಸರಿಯಿದೆ ಅಂದರು. ಮಗಳು ಜನವರಿಯಲ್ಲಿ ಅದೇ ಮನೆಗೆ ಬಂದಳು.

ಹೊಸ ಮನೆ ಸಿಕ್ಕಿದ್ದು ನದಿಯ ಆಚೆ ಕ್ಯಾವರ್ಶಮ್‌ನಲ್ಲಿ, ಏಪ್ರಿಲ್ ಮೊದಲಿಗೆ. ಈ ಏಜೆನ್ಸಿಯವರು ಇನ್ನೊಂದು ತುದಿ. ಪ್ರತಿಯೊಂದು ಕಾಗದವನ್ನೂ ಬೇರೆ ಬೇರೆ ಪಿಡಿಎಫ್ ಮಾಡಿ ಕಳಿಸಿ, ಪ್ರತಿಯೊಂದಕ್ಕೂ ಸಿಕ್ಕಿದೆ ಅಂತ ಸಹಿ ತಗೊಂಡರು. ಎಲ್ಲೋ ಕೈ ಸುಟ್ಟುಕೊಂಡಿರಬೇಕು. ಡೆಪಾಸಿಟ್ ಕಟ್ಟಿದ ವಾರದಲ್ಲೇ ಸ್ಕೀಮಿನಿಂದ ನೇರ ಇಮೇಲ್ ಬಂತು. ಗ್ಯಾಸ್ ದಾಖಲೆಯಲ್ಲಿದ್ದ ನಂಬರನ್ನು ನಾನು ಗ್ಯಾಸ್ ಸೇಫ್ ರಿಜಿಸ್ಟರ್ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ, ಸರಿಯಾಗಿತ್ತು. ಹೆಂಡತಿ ಅಲಾರಂ ತಿರುಗಿಸಿ ವರ್ಷ ನೋಡಿದಳು. ಸಾಮಾನು ಇಳಿಸುವ ಮೊದಲು.

ಅಷ್ಟರಲ್ಲಿ ಕಾನೂನೇ ಬದಲಾಯಿತು. 2025ರ ಅಕ್ಟೋಬರ್ 27ಕ್ಕೆ ರಾಜನ ಅಂಕಿತ ಬಿದ್ದ ರೆಂಟರ್ಸ್ ರೈಟ್ಸ್ ಆಕ್ಟ್ 2026ರ ಮೇ 1ಕ್ಕೆ ಜಾರಿಗೆ ಬಂತು. ಸೆಕ್ಷನ್ 21 ಹೋಯಿತು. ಇನ್ನು ಮೇಲೆ ಓನರ್ ಮನೆ ಬಿಡಿಸಬೇಕಾದರೆ ಕಾರಣ ಹೇಳಬೇಕು. ಮಾರುವುದೂ ಒಂದು ಕಾರಣವೇ, ಆದರೆ ಅದಕ್ಕೆ ನಾಲ್ಕು ತಿಂಗಳ ನೋಟಿಸ್ ಬೇಕು, ಬಾಡಿಗೆ ಶುರುವಾದ ಮೊದಲ ವರ್ಷ ಅದನ್ನು ಬಳಸೋಕೆ ಆಗೋದಿಲ್ಲ. ನಾವು ಏಪ್ರಿಲಿನಲ್ಲಿ 12 ತಿಂಗಳಿಗೆ ಅಂತ ಸಹಿ ಹಾಕಿದ ಅಗ್ರಿಮೆಂಟು ತಿಂಗಳೊಳಗೆ ಅವಧಿ ಇಲ್ಲದ ಬಾಡಿಗೆಯಾಗಿ ಬದಲಾಯಿತು. ನಾವು ಬಿಡಬೇಕಾದರೆ ಎರಡು ತಿಂಗಳ ನೋಟಿಸ್ ಕೊಟ್ಟರೆ ಸಾಕು. ಊರಿಂದ ಹೊಸದಾಗಿ ಬರುವವರಿಗೆ ಇನ್ನೊಂದು ಅನುಕೂಲ: ಇಲ್ಲಿ ಗ್ಯಾರಂಟಿ ನಿಲ್ಲುವವರಿಲ್ಲ ಅಂತ ಆರು ತಿಂಗಳ ಬಾಡಿಗೆ ಮುಂಗಡ ಕೀಳುತ್ತಿದ್ದ ಪದ್ಧತಿಗೆ ತಡೆ ಬಿದ್ದಿದೆ. ಹೊಸ ಬಾಡಿಗೆಗಳಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ವೇಲ್ಸ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ ಬೇರೆ ಕಾನೂನು, ಬೇರೆ ಕಾಗದ.

ಈ ಬದಲಾವಣೆಯ ಜೊತೆ ಇನ್ನೊಂದು ಕಾಗದವೂ ಸೇರಿತು. ಹೊಸ ಕಾನೂನಿನಿಂದ ಏನೇನು ಬದಲಾಗಿದೆ ಅಂತ ಹೇಳುವ ಮಾಹಿತಿ ಪತ್ರವನ್ನು ಸರ್ಕಾರವೇ ತಯಾರಿಸಿದೆ. ಬರಹದ ಅಗ್ರಿಮೆಂಟ್ ಇರುವ ಹಳೆಯ ಬಾಡಿಗೆದಾರರಿಗೆಲ್ಲ ಅದನ್ನು 2026ರ ಮೇ 31ರೊಳಗೆ ಕೊಡಬೇಕಿತ್ತು. ಅಗ್ರಿಮೆಂಟಿನಲ್ಲಿ ಎಷ್ಟು ಹೆಸರಿದೆಯೋ ಅಷ್ಟೂ ಜನಕ್ಕೆ. ಸರ್ಕಾರ ಹಾಕಿದ ಪಿಡಿಎಫ್ ಹೇಗಿದೆಯೋ ಹಾಗೇ ಲಗತ್ತಿಸಬೇಕು, ಇಲ್ಲ ಪ್ರಿಂಟ್ ಕೊಡಬೇಕು. ಇಲ್ಲೂ ಲಿಂಕ್ ನಡೆಯೋದಿಲ್ಲ. ಕೊಡದಿದ್ದರೆ ಕೌನ್ಸಿಲ್ 7,000 ಪೌಂಡ್ ತನಕ ದಂಡ ಹಾಕಬಹುದು. ಮೇ 1ರ ನಂತರ ಹೊಸದಾಗಿ ಮನೆ ಹಿಡಿಯುವವರಿಗೆ ಇದರ ಬದಲು ಬಾಡಿಗೆಯ ಷರತ್ತುಗಳನ್ನು ಮೊದಲೇ ಬರಹದಲ್ಲಿ ಕೊಡಬೇಕು. ನಮಗಿಬ್ಬರಿಗೂ ಮೇ ಎರಡನೇ ವಾರ ಬೇರೆ ಬೇರೆ ಇಮೇಲ್ ಬಂತು, ಪಿಡಿಎಫ್ ಸಮೇತ. ಓದೋಕೆ ಕಷ್ಟವೇನಿಲ್ಲ, ಸರಳ ಇಂಗ್ಲಿಷಿನಲ್ಲಿದೆ.

ಮೊನ್ನೆ ಸ್ಲೌನಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನಿಗೆ ಓನರ್ ವಾಟ್ಸಾಪಿನಲ್ಲಿ ಆ ಮಾಹಿತಿ ಪತ್ರದ ಲಿಂಕ್ ಮಾತ್ರ ಕಳಿಸಿದ್ದಾರೆ, ಜೊತೆಗಿರುವ ರೂಮ್‌ಮೇಟ್‌ಗೆ ಅದೂ ಇಲ್ಲ. ಡೆಪಾಸಿಟ್ ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ ಅಂದ. ಮೊದಲು ಮೂರು ವೆಬ್‌ಸೈಟಿನಲ್ಲಿ ಹುಡುಕು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ, ಆಮೇಲೆ ಇಮೇಲಿನಲ್ಲಿ ಕೇಳು ಅಂದೆ. ಫೋನಿನಲ್ಲಿ ಬೇಡ, ಬರಹದಲ್ಲೇ ಕೇಳು. ಅಡ್ಡಹೆಸರನ್ನು ಎರಡು ಥರ ಹಾಕಿ ನೋಡೋದು ಮರೀಬೇಡ ಅಂತಲೂ ಹೇಳಿದೆ. ಅವನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಬರೀ ಒಂದು ಇನಿಶಿಯಲ್ ಇದೆ.